ಅರಬೈಲ್ ಇಳಿದ ಭಾರ

2010ರ ಮಾರ್ಚ್‌ನಲ್ಲಿ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆಯವರು ಜಪ್ತಿ ಮಾಡಿದ ಕಬ್ಬಿಣದ ಅದಿರು 8 ಲಕ್ಷ ಟನ್ನಿಗೂ ಸ್ವಲ್ಪ ಹೆಚ್ಚು. ಜೂನ್ ಹೊತ್ತಿಗೆ ಅದರಲ್ಲಿ 5 ಲಕ್ಷ ಟನ್ನಿಗೂ ಮಿಕ್ಕ ಮಾಲು ಅಂಗಳದಲ್ಲಿ ಇರಲಿಲ್ಲ, ಹಡಗು ಹತ್ತಿ ಹೋಗಿತ್ತು. ಮುಂದಿನ ಕಥೆ ಕರ್ನಾಟಕಕ್ಕೆಲ್ಲ ಗೊತ್ತು: ಲೋಕಾಯುಕ್ತರ ರಾಜೀನಾಮೆ, ವರದಿ, ಮುಖ್ಯಮಂತ್ರಿಯ ನಿರ್ಗಮನ, ಸಿಬಿಐ, ನ್ಯಾಯಾಲಯ. ಹೋದ ಅದಿರಿನ ಬಗ್ಗೆ ಇಷ್ಟೆಲ್ಲ ಬರೆದಾಗಿದೆ. ಅದು ಬಂದ ಬಗೆಯನ್ನು ಬರೆದವರು ಕಡಿಮೆ.

ಆ 8 ಲಕ್ಷ ಟನ್ ಬಂದದ್ದು ಲಾರಿಗಳಲ್ಲಿ. ಹತ್ತು ಚಕ್ರದ ಒಂದು ಲಾರಿ ಅಂದಿನ ಕಾನೂನಿನಂತೆ ಹೊರಬಹುದಾದದ್ದು ಹೆಚ್ಚುಕಡಿಮೆ 16 ಟನ್ ಎಂದು ಹಿಡಿದರೆ, ಜಪ್ತಿಯಾದ ಆ ಒಂದು ರಾಶಿಗೇ 50 ಸಾವಿರ ಲಾರಿ ಬೇಕು. ಬಳ್ಳಾರಿ, ಹೊಸಪೇಟೆ, ಸಂಡೂರಿನ ಕಡೆಯಿಂದ ಸುಮಾರು 300 ಕಿಲೋಮೀಟರ್ ಬಂದು, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ, ಪ್ರತಿಯೊಂದೂ ಅರಬೈಲ್ ಘಟ್ಟ ಇಳಿಯಬೇಕು. ಇಳಿದ ಮೇಲೆ ರಾಮನಗುಳಿ, ಸುಂಕಸಾಳ, ಅಗಸೂರು. ಎಡಬಲಕ್ಕೆ ಕಾಡು, ತೋಟ, ಗಂಗಾವಳಿ ನದಿ. ಕೊನೆಗೆ ಬಾಳೆಗುಳಿ ಕೂಡುರಸ್ತೆ, ಅಲ್ಲಿಂದ ಬೇಲೆಕೇರಿ ಅಥವಾ ಕಾರವಾರ. ಈ ದಾರಿಯಲ್ಲಿ ಭಾರ ಎಂಬುದು ದುಡ್ಡಿನ ಲೆಕ್ಕ ಮಾತ್ರ ಆಗಿರಲಿಲ್ಲ. ಚಕ್ರ ಹಿಡಿದವನ ಕೈಯನ್ನು ಅದೇ ಆಳುತ್ತಿತ್ತು.

ಈ ರಸ್ತೆ ಹುಟ್ಟಿದ್ದೂ ಭಾರ ಇಳಿಸಲಿಕ್ಕೇ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿಗೆ ಹತ್ತಿರದ ಒಳ್ಳೆಯ ಬಂದರು ಕಾಳಿ ನದಿ ಸಮುದ್ರ ಸೇರುವಲ್ಲಿನ ಸದಾಶಿವಗಡ, ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ಆಸೆಯಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿಯ ಆಡಳಿತದಲ್ಲಿ, ಹತ್ತಿ ಹಡಗು ಹತ್ತಬೇಕಾದ ಕಾರವಾರ ಮದ್ರಾಸಿನ ಆಡಳಿತದಲ್ಲಿ ಇದ್ದರೆ ನಡುವಿನ ಘಟ್ಟಕ್ಕೆ ರಸ್ತೆ ಕಡಿಯುವವರು ಯಾರು? 1860ರಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಹತ್ತಿ ಒತ್ತುವ ಯಂತ್ರಗಳ ಸಮೇತ ಈ ಕರಾವಳಿಗೆ ಬಂದಾಗ ಘಟ್ಟದ ರಸ್ತೆ ಇನ್ನೂ ಸಿದ್ಧವಾಗಿರಲಿಲ್ಲ. ಬಂಡವಾಳ ಬಂದರಿಗೆ ಬಂದಿತ್ತು, ಹತ್ತಿ ಘಟ್ಟದ ಮೇಲಿತ್ತು.

ಮುಂದಿನ ವರ್ಷಗಳಲ್ಲಿ ಕೈಗಾ, ಅರಬೈಲ್, ದೇವಿಮನೆ ಘಟ್ಟಗಳಲ್ಲಿ ಗಾಡಿ ಇಳಿಯುವಂಥ ರಸ್ತೆಗಳಾದವು. ಅಂದಿನ ಎತ್ತಿನ ಗಾಡಿ ಹೊರುತ್ತಿದ್ದ ಹತ್ತಿ ಗಾತ್ರಕ್ಕೆ ದೊಡ್ಡದು, ತೂಕಕ್ಕೆ ಸಣ್ಣದು. ಗಾಡಿ ತುಂಬಿ ತುಳುಕಿದರೂ ಎತ್ತುಗಳ ಕುತ್ತಿಗೆ ತಡೆಯುವಷ್ಟೇ ಭಾರ. ರಸ್ತೆಯ ತಿರುವು, ಇಳಿಜಾರುಗಳ ಮೂಲ ಲೆಕ್ಕ ಆ ಗಾಡಿಗಳದ್ದು. 1888ರಲ್ಲಿ ಮರ್ಮಗೋವಾ ಬಂದರಿಗೆ ಘಟ್ಟ ಇಳಿದು ರೈಲು ಬಂತು, ಧಾರವಾಡದ ಹತ್ತಿ ಆ ಕಡೆ ತಿರುಗಿತು, ಕಾರವಾರದ ಬಂದರು ಮಂಕಾಯಿತು. ರೈಲು ಗೋವಾಕ್ಕೆ ಹೋದದ್ದರ ನೋವು ಈ ಜಿಲ್ಲೆಯಲ್ಲಿ ಇಂದಿಗೂ ಆರಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾಗಿಯೂ ಕಾಡಿನ ಅನುಮತಿಯ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತು. ಆ ಕಾಡನ್ನು ಉಳಿಸಬೇಕೆನ್ನುವವರ ವಾದ ಹಗುರವಾದದ್ದಲ್ಲ. ಆದರೆ ರೈಲು ಇಲ್ಲದ್ದರಿಂದ ಭಾರವೇನೂ ಘಟ್ಟದ ಮೇಲೆ ಉಳಿಯಲಿಲ್ಲ, ರಸ್ತೆಯಲ್ಲಿ ಇಳಿಯಿತು. ಅದನ್ನು ಹೇಳದೆ ಈ ಇತಿಹಾಸ ಪೂರ್ತಿಯಾಗದು.

2003ರ ನಂತರ ಚೀನಾ ಉಕ್ಕು ಕಾಯಿಸಲು ತೊಡಗಿದ ವೇಗಕ್ಕೆ ಜಗತ್ತಿನ ಅದಿರು ಸಾಲದಾಯಿತು. 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಅದಿರಿನ ಬೆಲೆ ಹಲವು ಪಟ್ಟು ಏರಿತ್ತು. ಬಳ್ಳಾರಿಯಲ್ಲಿ ಅಗೆದು ಬದಿಗೆ ಸುರಿದಿದ್ದ ಪುಡಿ ಅದಿರಿಗೂ ಗಿರಾಕಿ ಬಂದ. ದೊಡ್ಡ ಬಂದರುಗಳಲ್ಲಿ ಸರದಿ ಉದ್ದವಾಯಿತು. ಬೇಲೆಕೇರಿಯಂಥ ಸಣ್ಣ ಬಂದರಿಗೆ, ದೋಣಿಗಳಲ್ಲಿ ಮಾಲು ಒಯ್ದು ದೂರದಲ್ಲಿ ಲಂಗರು ಹಾಕಿದ ಹಡಗಿಗೆ ತುಂಬುವ ಜಾಗಕ್ಕೆ, ಹಗಲು ರಾತ್ರಿ ಲಾರಿ ಬರತೊಡಗಿದವು. ಅಂದು ರಾಷ್ಟ್ರೀಯ ಹೆದ್ದಾರಿ 63 ಎಂದು ಕರೆಯುತ್ತಿದ್ದ ರಸ್ತೆಯ ಬದಿಯ ಮರಗಳ ಎಲೆ ಕೆಂಪಾಯಿತು. ಧೂಳಿನ ವಿರುದ್ಧ, ಗುಂಡಿಗಳ ವಿರುದ್ಧ, ಸಾವುಗಳ ವಿರುದ್ಧ ಊರಿನವರು ರಸ್ತೆಗಿಳಿದರು.

ಅದಿರಿನ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನೋಡುವವರ ಕಣ್ಣು ಮೋಸ ಹೋದದ್ದು ಅಲ್ಲಿಯೇ. ಒಂದು ಘನ ಮೀಟರ್ ಮರಳು ಸುಮಾರು 1.6 ಟನ್ ತೂಗುತ್ತದೆ. ಅಷ್ಟೇ ಜಾಗದಲ್ಲಿ ಬಳ್ಳಾರಿಯ ಅದಿರು 2.5 ಟನ್ ಆಸುಪಾಸು, ಕೆಲವೊಮ್ಮೆ ಇನ್ನೂ ಹೆಚ್ಚು. ಹೀಗಾಗಿ 16 ಟನ್ ಅದಿರಿಗೆ ಆರೂವರೆ ಘನ ಮೀಟರ್ ಜಾಗ ಸಾಕು. ಲಾರಿಯ ಡಬ್ಬಿಯಲ್ಲಿ ಅದು ಅರ್ಧಕ್ಕೂ ಬರುವುದಿಲ್ಲ. ಅರ್ಧ ಖಾಲಿಯಿದ್ದಂತೆ ಕಾಣುವ ಲಾರಿ ಕಾನೂನಿನ ಮಿತಿ ಮುಟ್ಟಿರುತ್ತದೆ, ಮುಕ್ಕಾಲು ತುಂಬಿದ್ದು ಹತ್ತು ಟನ್ ಮೀರಿರುತ್ತದೆ. ಟಾರ್ಪಾಲು ಕಟ್ಟಿಬಿಟ್ಟರೆ ರಸ್ತೆಬದಿಯಲ್ಲಿ ನಿಂತ ಪೊಲೀಸನಿಗೂ ಊರಿನವನಿಗೂ ಏನೂ ತಿಳಿಯದು. ಹುಲ್ಲಿನ ಲಾರಿ ಹೊರಗೆ ಚಾಚಿಕೊಂಡು ತನ್ನ ಅತಿಯನ್ನು ತಾನೇ ಸಾರುತ್ತದೆ. ಅದಿರಿನ ಲಾರಿಯಲ್ಲಿ ಅತಿ ಕಾಣುವುದು ಕಮಾನು ಪಟ್ಟಿಗಳಲ್ಲಿ ಮಾತ್ರ, ಅಂದರೆ ಚಪ್ಪಟೆಯಾಗಿ ಹಿಂದಕ್ಕೆ ಬಾಗಿದ ಸ್ಪ್ರಿಂಗುಗಳಲ್ಲಿ. ಅದಕ್ಕೂ ಉಪಾಯವಿತ್ತು: ಗ್ಯಾರೇಜಿನಲ್ಲಿ ಇನ್ನೆರಡು ಪಟ್ಟಿ ಸೇರಿಸಿದರಾಯಿತು.

ಆ ಕಾಲದ ಲಾರಿಗಳ ಹೆಸರಿನಲ್ಲೇ ಅವುಗಳ ಸಾಮರ್ಥ್ಯ ಬರೆದಿರುತ್ತಿತ್ತು. ಟಾಟಾ 2515 ಎಂದರೆ ಸರಕೂ ಸೇರಿ ಒಟ್ಟು 25 ಟನ್, ಸುಮಾರು 150 ಅಶ್ವಶಕ್ತಿ. ಟನ್ನಿಗೆ 6 ಅಶ್ವಶಕ್ತಿ ಬಂತು. ಒಟ್ಟು ತೂಕ 35 ಟನ್ ಆದರೆ ಟನ್ನಿಗೆ ನಾಲ್ಕೂಕಾಲು. ಏರಿನಲ್ಲಿ ಹೀಗೆ ತುಂಬಿದ ಲಾರಿ ತೆವಳುತ್ತದೆ, ಹಿಂದೆ ಸಾಲು ನಿಲ್ಲುತ್ತದೆ, ತಾಳ್ಮೆಗೆಟ್ಟವರು ತಿರುವಿನಲ್ಲಿ ಮುನ್ನುಗ್ಗುತ್ತಾರೆ. ಆದರೆ ಹೊಸಪೇಟೆಯಿಂದ ಅಂಕೋಲೆಗೆ ಬರುವ ಅದಿರಿನ ದೊಡ್ಡ ಪರೀಕ್ಷೆ ಏರು ಅಲ್ಲ, ಇಳಿತ. ಎತ್ತರದಲ್ಲಿರುವ ಭಾರ ತಾನೇ ಒಂದು ಎಂಜಿನ್ನು. ಅದಕ್ಕೆ ಡೀಸೆಲ್ ಬೇಡ, ಆರಿಸಲು ಕೀಲಿಯೂ ಇಲ್ಲ.

ಯಲ್ಲಾಪುರದಿಂದ ಗಂಗಾವಳಿಯ ಕಣಿವೆಯ ತಳಕ್ಕೆ ಸುಮಾರು 500 ಮೀಟರ್ ಇಳಿತ ಎಂದು ಲೆಕ್ಕ ಹಿಡಿಯೋಣ. 25 ಟನ್ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ 12 ಕೋಟಿ ಜೂಲ್‌ಗೂ ಹೆಚ್ಚು. ಆ ಶಕ್ತಿ ಎಲ್ಲಿಗಾದರೂ ಹೋಗಬೇಕು. ಗಾಳಿಯ ತಡೆ, ಟೈರಿನ ತಡೆ, ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆ ಒಂದಿಷ್ಟು ನುಂಗುತ್ತವೆ, ಉಳಿದದ್ದೆಲ್ಲ ಬ್ರೇಕ್ ಡ್ರಮ್ಮಿನಲ್ಲಿ ಬಿಸಿಯಾಗುತ್ತದೆ. ಒಟ್ಟು ಶಕ್ತಿ ಎಷ್ಟೆಂದರೆ ಮನೆಯ ಹಂಡೆಯಲ್ಲಿ 400 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸುವಷ್ಟು. 35 ಟನ್ನಿನ ಲಾರಿಯಾದರೆ ಇನ್ನೂ 160 ಲೀಟರ್ ಕಾಯುವಷ್ಟು ಹೆಚ್ಚು. ಡ್ರಮ್ಮುಗಳ ಗಾತ್ರ ಮಾತ್ರ ಹೆಚ್ಚಲಿಲ್ಲ. ಬಿಸಿಯಾದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಕಾದ ಲೈನರು ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲು ತುಳಿದಷ್ಟೂ ಕೆಳಗಿಳಿಯುತ್ತದೆ, ಲಾರಿ ನಿಲ್ಲುವುದಿಲ್ಲ. ಮರುದಿನದ ಪತ್ರಿಕೆಯಲ್ಲಿ ಅದಕ್ಕೆ ‘ಬ್ರೇಕ್ ಫೇಲ್’ ಎಂದು ಹೆಸರು. ನನ್ನ ತಿಳಿವಿನಲ್ಲಿ ಅಂಥ ಎಷ್ಟೋ ಲಾರಿಗಳಲ್ಲಿ ಬ್ರೇಕು ತನ್ನ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ಅದಕ್ಕೆ ಒಪ್ಪಿಸಿದ್ದು ಅದರ ಕೆಲಸವಲ್ಲದ್ದು.

ಹಳೆಯ ಚಾಲಕರು ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠ ಒಂದೇ: ಯಾವ ಗೇರಿನಲ್ಲಿ ಘಟ್ಟ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಎರಡನೇ ಗೇರಿನಲ್ಲಿ, ಎಂಜಿನ್ನು ಗುರುಗುಟ್ಟುತ್ತಿರಲು, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುತ್ತ ಇಳಿದವನು ಕೆಳಗೆ ತಲುಪುತ್ತಾನೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿದವನು ಎಂಜಿನ್ನಿನ ತಡೆಯನ್ನೆಲ್ಲ ಬಿಟ್ಟುಕೊಟ್ಟು ಡ್ರಮ್ಮನ್ನೇ ನಂಬುತ್ತಾನೆ. ಆದರೆ ಮೊದಲನೆಯವನಿಗೆ ಹೊತ್ತು ಹೆಚ್ಚು ಹಿಡಿಯುತ್ತದೆ. ಬಾಡಿಗೆ ಟನ್ನಿನ ಲೆಕ್ಕದಲ್ಲಿ, ಭತ್ಯೆ ಟ್ರಿಪ್ಪಿನ ಲೆಕ್ಕದಲ್ಲಿ ಸಿಗುವಾಗ ಹೆಚ್ಚು ಹೊರುವುದಕ್ಕೂ ಬೇಗ ಇಳಿಯುವುದಕ್ಕೂ ಒಟ್ಟಿಗೇ ಒತ್ತಡ. ಭಾರ ಎಷ್ಟಿರಬೇಕೆಂದು ನಿರ್ಧರಿಸಿದವನು ಗಣಿಯ ಅಂಗಳದಲ್ಲಿದ್ದ. ಅದನ್ನು ತಿರುವಿನಲ್ಲಿ ಹಿಡಿದು ನಿಲ್ಲಿಸಬೇಕಾದವನು ಇನ್ನೊಬ್ಬ.

ಇದೇ ಕಾಲದಲ್ಲಿ, ಇದೇ ಕರ್ನಾಟಕದ ಹಣ ಮತ್ತು ಹೆಸರು ಇನ್ನೊಂದು ರಸ್ತೆಯಲ್ಲೂ ಓಡುತ್ತಿತ್ತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಒಡೆತನದ ಫೋರ್ಸ್ ಇಂಡಿಯಾ ತಂಡ 2008ರಲ್ಲಿ ಫಾರ್ಮುಲಾ ಒನ್‌ಗೆ ಇಳಿಯಿತು. 2009ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಜಿಯಾಂಕಾರ್ಲೊ ಫಿಸಿಕೆಲ್ಲ ಆ ಕಾರನ್ನು ಎಲ್ಲರಿಗಿಂತ ಮುಂದಿನ ಸ್ಥಾನದಲ್ಲಿ ನಿಲ್ಲಿಸಿ, ಮರುದಿನ ಎರಡನೆಯವನಾಗಿ ಮುಗಿಸಿದ. ಸ್ಪಾ ಕೂಡ ಒಂದು ಗುಡ್ಡಗಾಡಿನ ರಸ್ತೆಯೇ, ಆರ್ಡೆನ್ ಕಾಡಿನ ಏರಿಳಿತಗಳ ನಡುವೆ. ಆ ವರ್ಷದ ಒಂದು ನಿಯಮ ನನ್ನನ್ನು ಮತ್ತೆ ಮತ್ತೆ ಯೋಚನೆಗೆ ಹಚ್ಚುತ್ತದೆ: ಅರ್ಹತಾ ಓಟ ಮುಗಿದ ಕೂಡಲೇ ಪ್ರತಿಯೊಂದು ಕಾರಿನ ತೂಕವನ್ನು, ಹಾಕಿದ ಇಂಧನವೂ ಸೇರಿ, ಅರ್ಧ ಕಿಲೋ ನಿಖರತೆಯಲ್ಲಿ ಜಗತ್ತಿಗೆಲ್ಲ ಪ್ರಕಟಿಸುತ್ತಿದ್ದರು. ಚಾಲಕನೂ ಸೇರಿ ಕಾರು 605 ಕಿಲೋಗಿಂತ ಕಡಿಮೆ ಇರುವಂತಿರಲಿಲ್ಲ. ಅದರ ಮೇಲೆ ಎಷ್ಟು ಇಂಧನ ಹೊತ್ತಿದ್ದಾರೆ ಎಂಬುದರಿಂದಲೇ ಯಾವ ಕಾರು ನಾಳೆ ಹೇಗೆ ತಿರುಗುತ್ತದೆ, ಎಲ್ಲಿ ಬ್ರೇಕ್ ಹಾಕುತ್ತದೆ ಎಂದು ಎದುರಾಳಿಗಳು ಲೆಕ್ಕ ಹಾಕುತ್ತಿದ್ದರು.

ಅವರು ಅಷ್ಟು ತಲೆಕೆಡಿಸಿಕೊಳ್ಳುವುದು ಸುಮ್ಮನೆ ಅಲ್ಲ. ಹತ್ತು ಕಿಲೋ ಇಂಧನ ಹೆಚ್ಚಾದರೆ ಒಂದು ಸುತ್ತಿಗೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ನಷ್ಟ ಎಂಬುದು ಆ ಲೋಕದ ಸ್ಥೂಲ ಲೆಕ್ಕ. ಕಾರಣ ಟೈರಿನಲ್ಲಿದೆ. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಅದರ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ ಆಗುತ್ತದೆ. ತಿರುವಿನಲ್ಲಿ ವಾಹನದ ಭಾರ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಸರಿಯುತ್ತದೆ. ಹೊರಗಿನದು ಗಳಿಸುವ ಹಿಡಿತಕ್ಕಿಂತ ಒಳಗಿನದು ಕಳೆದುಕೊಳ್ಳುವುದು ಹೆಚ್ಚು. ಭಾರ ಹೆಚ್ಚಿದಷ್ಟೂ, ಅದು ಎತ್ತರದಲ್ಲಿದ್ದಷ್ಟೂ ಈ ನಷ್ಟ ಹೆಚ್ಚು. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ 1950, 60ರ ದಶಕಗಳಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚಿಸುವುದಕ್ಕಿಂತ ಕಾರಿನ ತೂಕ ಇಳಿಸುವುದರ ಹಿಂದೆ ಬಿದ್ದದ್ದು ಇದಕ್ಕೇ. ಶಕ್ತಿ ಹೆಚ್ಚಿದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ. ತೂಕ ಇಳಿದರೆ ಏರಿನಲ್ಲಿ, ತಿರುವಿನಲ್ಲಿ, ನಿಲ್ಲಿಸುವಾಗ, ಎಲ್ಲ ಕಡೆಯೂ ಲಾಭ.

ಈ ನಿಯಮ ರೇಸ್ ಕಾರಿಗೊಂದು, ಅದಿರು ಲಾರಿಗೊಂದು ಇಲ್ಲ. ಸಾಮಾನ್ಯ ಕಾರು ತಿರುವಿನಲ್ಲಿ ಮಗುಚುವ ಮೊದಲು ಜಾರುತ್ತದೆ, ಏಕೆಂದರೆ ಅದರ ಗುರುತ್ವ ಕೇಂದ್ರ ಕೆಳಗಿದೆ. ತುಂಬಿದ ಭಾರಿ ಲಾರಿ ಒಣ ರಸ್ತೆಯಲ್ಲಿ ಜಾರುವ ಮೊದಲೇ ಮಗುಚಬಹುದು. ಗುರುತ್ವದ ಅರ್ಧದಷ್ಟು ಅಡ್ಡಬಲವೂ ಅದಕ್ಕೆ ಬೇಡ, ಕೆಲವಕ್ಕೆ ಮೂರರಲ್ಲೊಂದು ಭಾಗ ಸ್ವಲ್ಪ ದಾಟಿದರೆ ಸಾಕು. ಅದಿರಿಗೆ ಇಲ್ಲೊಂದು ಅನುಕೂಲವಿತ್ತು, ಅದನ್ನೂ ಹೇಳಬೇಕು. ಸಾಂದ್ರವಾದ್ದರಿಂದ ಅದು ಡಬ್ಬಿಯ ತಳದಲ್ಲೇ ಕೂರುತ್ತದೆ, ಹತ್ತಿಯ ಅಂಡಿಗೆಗಳಂತೆ ಮೇಲಕ್ಕೆ ಏರುವುದಿಲ್ಲ. ಚಾಲಕನಿಗೆ ಲಾರಿ ನೆಲಕ್ಕೆ ಅಂಟಿದಂತೆ, ಗಟ್ಟಿಯಾಗಿ ನಿಂತಂತೆ ಅನ್ನಿಸುತ್ತದೆ. ಈ ನಂಬಿಕೆ ತಿರುವಿನವರೆಗೆ ಸರಿ. ನಿಲ್ಲಿಸಬೇಕಾದ ಗಳಿಗೆಯಲ್ಲಿ ಮಾತ್ರ ಕೆಳಗೆ ಕೂತ ಟನ್ನುಗಳು ತಮ್ಮ ಲೆಕ್ಕ ಕೇಳುತ್ತವೆ. ಇನ್ನು ಡಬ್ಬಿಯ ಹಿಂಭಾಗದಲ್ಲಿ ಹೆಚ್ಚು ತುಂಬಿದ್ದರೆ ಮುಂದಿನ ಚಕ್ರಗಳ ಪಾಲಿನ ಭಾರ ಕಡಿಮೆಯಾಗಿ ಸ್ಟಿಯರಿಂಗ್ ಹಗುರವಾಗುತ್ತದೆ. ತಿರುಗಿಸಿದಷ್ಟು ಲಾರಿ ತಿರುಗುವುದಿಲ್ಲ, ಎದುರಿನ ಸಾಲಿನೊಳಕ್ಕೆ ಸರಿಯುತ್ತದೆ.

ಇಳಿದು ಸುರಿದ ಮೇಲೆ ಅದೇ ಲಾರಿ ವಾಪಸು ಹತ್ತಬೇಕು, ಖಾಲಿಯಾಗಿ. ಘಟ್ಟದ ಅಪಘಾತಗಳ ಬಗ್ಗೆ ಮಾತಾಡುವಾಗ ಈ ಅರ್ಧವನ್ನು ನಾವು ಮರೆಯುತ್ತೇವೆ. 25 ಟನ್ನಿಗೆಂದು ಕಟ್ಟಿದ ಲಾರಿ ಖಾಲಿಯಾದಾಗ ಒಂಬತ್ತು ಹತ್ತು ಟನ್ ಇರುತ್ತದೆ. ಹಿಂದಿನ ಬ್ರೇಕುಗಳ ಬಲ ತುಂಬಿದ ಭಾರಕ್ಕೆ ಲೆಕ್ಕ ಹಾಕಿದ್ದು. ಹಗುರಾದ ಹಿಂಭಾಗಕ್ಕೆ ಅದು ಅತಿಯಾಗಿ ಚಕ್ರಗಳು ಥಟ್ಟನೆ ಕಚ್ಚಿಕೊಳ್ಳುತ್ತವೆ, ಲಾರಿ ಹಿಂದಿನಿಂದ ಅಡ್ಡಡ್ಡ ಜಾರುತ್ತದೆ. ಹೆಚ್ಚುವರಿ ಪಟ್ಟಿ ಕಟ್ಟಿಸಿದ ಸ್ಪ್ರಿಂಗು ಖಾಲಿ ಲಾರಿಯ ಕೆಳಗೆ ಬಾಗುವುದೇ ಇಲ್ಲ. ಗುಂಡಿಯಲ್ಲಿ ಚಕ್ರ ನೆಲ ಬಿಟ್ಟು ಕುಣಿಯುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಹಿಡಿತವಿಲ್ಲ. ಚಕ್ರ ಕಚ್ಚದಂತೆ ತಡೆಯುವ ಎಬಿಎಸ್ ಭಾರಿ ಲಾರಿಗಳಿಗೆ ನಮ್ಮಲ್ಲಿ ಕಡ್ಡಾಯವಾದದ್ದು 2015ರಲ್ಲಿ, ಅದಿರಿನ ಗದ್ದಲ ಮುಗಿದ ಮೇಲೆ. ಅಂದರೆ ಅಂದಿನ ಚಾಲಕ ಒಂದೇ ಹೆಸರಿನ ಎರಡು ಬೇರೆ ವಾಹನಗಳನ್ನು ಓಡಿಸುತ್ತಿದ್ದ: ಇಳಿಯುವಾಗ ನಿಲ್ಲದ್ದನ್ನು, ಹತ್ತುವಾಗ ತಟ್ಟನೆ ಕಚ್ಚುವುದನ್ನು. ಒಂದರ ಮೇಲೆ ಕಾಲು ಕಲಿತ ಲೆಕ್ಕ ಇನ್ನೊಂದಕ್ಕೆ ಸಲ್ಲುವುದಿಲ್ಲ. ಮಳೆಗಾಲದ ಆರಂಭದಲ್ಲಿ, ಅದಿರಿನ ಪುಡಿ ನೀರಿನೊಡನೆ ಕಲಸಿ ಡಾಂಬರಿನ ಮೇಲೆ ಕೆಂಪು ಲೇಪವಾದಾಗ, ಎರಡೂ ಲೆಕ್ಕ ತಪ್ಪುತ್ತಿದ್ದವು.

ರಸ್ತೆಯೂ ತನ್ನ ಲೆಕ್ಕ ಇಟ್ಟುಕೊಂಡಿತ್ತು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ ಪ್ರಯೋಗಕ್ಕೆಂದೇ ಕಟ್ಟಿದ ರಸ್ತೆಗಳ ಮೇಲೆ ಸೈನಿಕರು ಹಗಲು ರಾತ್ರಿ ಲಾರಿ ಓಡಿಸಿದರು. ಅಲ್ಲಿಂದ ಹೊರಬಂದ ನಿಯಮವನ್ನು ರಸ್ತೆ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ: ರಸ್ತೆಗೆ ಆಗುವ ಹಾನಿ ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಹತ್ತು ಚಕ್ರದ ಲಾರಿಯ ಹಿಂದಿನ ಜೋಡಿ ಅಚ್ಚಿಗೆ ಅಂದು ಮಿತಿ 19 ಟನ್. ಅದರ ಮೇಲೆ 27 ಟನ್ ಕೂರಿಸಿದ ಒಂದು ಲಾರಿ, ಮಿತಿಯಲ್ಲಿ ತುಂಬಿದ ನಾಲ್ಕು ಲಾರಿಗಳಷ್ಟು ರಸ್ತೆ ತಿನ್ನುತ್ತದೆ. ಎತ್ತಿನ ಗಾಡಿಗೆ ಕಡಿದ ದಾರಿಯ ಮೇಲೆ ಹಾಸಿದ ಹೆದ್ದಾರಿ ಅದು. ಕಿತ್ತುಹೋಯಿತು. ಕಿತ್ತುಹೋದ ರಸ್ತೆಯಲ್ಲಿ ಗುಂಡಿ ತಪ್ಪಿಸಲು ಅಡ್ಡಾಡುವ ಭಾರಿ ಲಾರಿಯಲ್ಲಿ ಭಾರ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಅಲ್ಲಿಗೆ ಅದಿರಿನ ಅನುಕೂಲವೂ ಮುಗಿಯಿತು.

ಕಾನೂನು ಇರಲಿಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಮಿತಿ ಹಾಕುತ್ತದೆ, 194ನೇ ಕಲಂ ದಂಡ ಹೇಳುತ್ತದೆ. ಅಂದಿನ ದಂಡ ಕನಿಷ್ಠ 2 ಸಾವಿರ ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 1 ಸಾವಿರ. ಹಲವು ರಾಜ್ಯಗಳು ಈ ದಂಡ ವಸೂಲು ಮಾಡಿ ಲಾರಿಯನ್ನು ಅದೇ ಭಾರದೊಡನೆ ಮುಂದೆ ಬಿಡುತ್ತಿದ್ದವು. 2005ರ ನವೆಂಬರ್‌ನಲ್ಲಿ ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪೆಂದು ಖಚಿತವಾಗಿ ಹೇಳಿತು. ದಂಡ ಕಟ್ಟಿದ ಮಾತ್ರಕ್ಕೆ ಹೆಚ್ಚುವರಿ ಭಾರ ಸಕ್ರಮವಾಗದು, ಅದನ್ನು ಅಲ್ಲಿಯೇ ಇಳಿಸಿದ ಮೇಲೆಯೇ ಲಾರಿ ಕದಲಬೇಕು. ಅದಿರಿನ ಅಬ್ಬರದ ಹೆಚ್ಚಿನ ವರ್ಷಗಳು ಬಂದದ್ದು ಈ ತೀರ್ಪಿನ ನಂತರ. ಆದರೆ ಇಳಿಸಬೇಕಾದರೆ ಮೊದಲು ತೂಗಬೇಕು. 114ನೇ ಕಲಂ ಪ್ರಕಾರ ಅಧಿಕಾರಿ ಲಾರಿಯನ್ನು ತೂಕಕ್ಕೆ ಕಳಿಸಬಹುದಾದದ್ದು ಮುಂದಿನ ದಾರಿಯಲ್ಲಿ 10 ಕಿಲೋಮೀಟರ್ ಒಳಗೆ, ಇಲ್ಲವೇ ತಲುಪುವ ಸ್ಥಳದಿಂದ 20 ಕಿಲೋಮೀಟರ್ ಒಳಗೆ ತೂಕದ ಸೇತುವೆ (ವೇಬ್ರಿಡ್ಜ್) ಇದ್ದರೆ ಮಾತ್ರ. ತಲುಪುವ ಸ್ಥಳದ ಹತ್ತಿರ ತೂಗಿದರೆ ಮಾಲಿನ ಲೆಕ್ಕ ಸಿಗುತ್ತದೆ, ರಾಜಸ್ವದ ಲೆಕ್ಕ ಸಿಗುತ್ತದೆ. ಘಟ್ಟ ಅಷ್ಟರಲ್ಲಿ ಹಿಂದೆ ಉಳಿದಿರುತ್ತದೆ. ತೂಗಿ, ಇಳಿಸಬೇಕಾದದ್ದು ಯಲ್ಲಾಪುರದಲ್ಲಿ, ಇಳಿಜಾರಿನ ತಲೆಯಲ್ಲಿ. ಈ ದಾರಿಯ ಇತಿಹಾಸ ಓದಿದಷ್ಟೂ ನನಗೆ ಇದೇ ಗಟ್ಟಿಯಾಗುತ್ತ ಹೋಗಿದೆ.

ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿಗಳು ಅಕ್ರಮ ಗಣಿಗಾರಿಕೆಯ ಜೊತೆಗೆ ಲಾರಿಗಳ ಮಿತಿಮೀರಿದ ಭಾರವನ್ನೂ ಎತ್ತಿಕೊಂಡವು. ತರ್ಕ ಸರಳ. ಪರವಾನಗಿಯಲ್ಲಿ 16 ಟನ್ ಬರೆದು 25 ಟನ್ ಒಯ್ದರೆ ಒಂಬತ್ತು ಟನ್ ಕಾಗದದಲ್ಲಿ ಇಲ್ಲವೇ ಇಲ್ಲ. ಅದಕ್ಕೆ ರಾಜಧನವೂ ಇಲ್ಲ, ಕಾಡಿನ ತೆರಿಗೆಯೂ ಇಲ್ಲ. ಲಾರಿಯನ್ನು ಘಟ್ಟದಲ್ಲಿ ಅಪಾಯಕ್ಕೆ ನೂಕಿದ ಟನ್ನೂ ಸರ್ಕಾರದ ಲೆಕ್ಕದಿಂದ ತಪ್ಪಿಸಿಕೊಂಡ ಟನ್ನೂ ಒಂದೇ.

ಬೇಲೆಕೇರಿಯ ಜಪ್ತಿಯ ಹಿಂದಿದ್ದ ಅರಣ್ಯ ಅಧಿಕಾರಿ ಆರ್. ಗೋಕುಲ್ ಅವರ ಅಮಾನತಿಗೆ ಸರ್ಕಾರ ಮುಂದಾದಾಗ ಹೆಗ್ಡೆ 2010ರ ಜೂನ್ 23ರಂದು ರಾಜೀನಾಮೆ ಕೊಟ್ಟರು, ಜುಲೈ ಮೊದಲ ವಾರ ಹಿಂತೆಗೆದುಕೊಂಡರು. ಅದೇ ತಿಂಗಳ ಕೊನೆಯಲ್ಲಿ ಕಾರವಾರ, ಬೇಲೆಕೇರಿ ಸೇರಿ ರಾಜ್ಯದ ಬಂದರುಗಳಿಂದ ಅದಿರಿನ ರಫ್ತು ನಿಂತಿತು. 2011ರ ಜುಲೈ 27ರಂದು ವರದಿ ಬಂತು, ನಾಲ್ಕು ದಿನದಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿ ಸ್ಥಾನ ಬಿಟ್ಟರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ 7 ವರ್ಷದ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಅದಿರಿನ ಭಾರ ಸಮುದ್ರದಲ್ಲೂ ಇಂಥದೇ ಪಾಠ ಕಲಿಸಿದ್ದುಂಟು. 2009ರ ಜುಲೈನಲ್ಲಿ ನವ ಮಂಗಳೂರಿನಿಂದ ಅದಿರು ಹೊತ್ತು ಹೊರಟ ಏಷಿಯನ್ ಫಾರೆಸ್ಟ್ ಎಂಬ ಹಡಗು ಕರಾವಳಿ ಕಣ್ಣಿಗೆ ಕಾಣುವಷ್ಟರಲ್ಲೇ ವಾಲಿ ಮುಳುಗಿತು. ಮಳೆಗಾಲದ ತೇವ ಕುಡಿದ ಪುಡಿ ಅದಿರು ಹಡಗಿನ ಕಂಪನಕ್ಕೆ ಕೆಸರಾಗಿ, ದ್ರವದಂತೆ ಒಂದು ಬದಿಗೆ ಹರಿದಿತ್ತು. ಸಿಬ್ಬಂದಿ ಬದುಕಿದರು. ಭಾರ ಎಷ್ಟು ಎಂಬುದರಷ್ಟೇ, ಅದು ನಿಂತಲ್ಲಿ ನಿಲ್ಲುತ್ತದೆಯೇ ಎಂಬುದೂ ಮುಖ್ಯ ಎಂದು ಮಂಗಳೂರಿನ ಕಡಲು ಅಂದು ತೋರಿಸಿತು.

ಅರಬೈಲಿನಲ್ಲಿ ಅದು ಮತ್ತೆ ತೋರಿದ್ದು 2025ರ ಜನವರಿ 22ರ ನಸುಕಿನಲ್ಲಿ. ಅಂದು ಬುಧವಾರ, ಕುಮಟೆಯ ಸಂತೆಯ ದಿನ. ಸವಣೂರಿನಿಂದ ಹಣ್ಣು ತರಕಾರಿ ತುಂಬಿಕೊಂಡು ಹೊರಟ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಸುಮಾರು 50 ಮೀಟರ್ ಆಳದ ಕಣಿವೆಗೆ ಉರುಳಿತು. ಸರಕಿನ ಮೇಲೆ ಇಪ್ಪತ್ತೈದಕ್ಕೂ ಹೆಚ್ಚು ವ್ಯಾಪಾರಿಗಳು ಕೂತಿದ್ದರು. ಕನಿಷ್ಠ 10 ಮಂದಿ ಸತ್ತರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಲಾರಿ ಎಡಕ್ಕೆ ಸರಿದಿತ್ತೆಂದು ಪೊಲೀಸರು ಹೇಳಿದರು. ಇದು ಅದಿರಲ್ಲ, ತರಕಾರಿ ಅಷ್ಟು ತೂಗುವುದೂ ಇಲ್ಲ. ಆದರೆ ಬುಟ್ಟಿ, ಚೀಲ, ಪೆಟ್ಟಿಗೆಗಳ ರಾಶಿ ಎತ್ತರಕ್ಕೆ ಏರುತ್ತದೆ, ಅದರ ಮೇಲೆ ಕೂತ ಜನ ಇನ್ನೂ ಎತ್ತರದಲ್ಲಿರುತ್ತಾರೆ. ಚಕ್ರದ ಒಂದು ಬದಿ ಅಂಚಿಗೆ ಜಾರಿದರೆ ಆ ಎತ್ತರವೇ ಇಡೀ ಲಾರಿಯನ್ನು ಎಳೆದುಕೊಂಡು ಹೋಗುತ್ತದೆ. ಸಂತೆಗೆ ಹೋಗಲು ಬೇರೆ ಬಸ್ಸಿಲ್ಲದ, ಇದ್ದರೂ ಮಾಲು ಬಿಟ್ಟು ಹತ್ತಲಾಗದ ಬಡ ವ್ಯಾಪಾರಿಯನ್ನು ಇಲ್ಲಿ ದೂರುವುದು ಅನ್ಯಾಯ. ಅವರ ಲಾರಿ ಘಟ್ಟದ ಬಾಯಿಗೆ ಬರುವ ಮೊದಲು ಯಾರಾದರೂ ನಿಲ್ಲಿಸಿ ನೋಡಿದ್ದರೇ ಎಂಬುದೇ ಕೇಳಬೇಕಾದ ಮಾತು.

ಈ ನಡುವೆ ಮಿತಿಯೇ ಏರಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಎರಡು ಅಚ್ಚಿನ ಲಾರಿಯ ಒಟ್ಟು ತೂಕವನ್ನು 16.2ರಿಂದ 18.5 ಟನ್ನಿಗೆ, ಮೂರು ಅಚ್ಚಿನದನ್ನು 25ರಿಂದ 28.5 ಟನ್ನಿಗೆ ಹೆಚ್ಚಿಸಿತು. 2019ರ ತಿದ್ದುಪಡಿ ದಂಡವನ್ನು 20 ಸಾವಿರಕ್ಕೆ, ಪ್ರತಿ ಹೆಚ್ಚುವರಿ ಟನ್ನಿಗೆ 2 ಸಾವಿರಕ್ಕೆ ಏರಿಸಿತು. ಹೆದ್ದಾರಿಯ ಸಂಖ್ಯೆ ಈಗ 52. ಘಟ್ಟದ ಇಳಿತ ಮಾತ್ರ ಅಷ್ಟೇ ಇದೆ.

ಬೇಲೆಕೇರಿಗೆ ಹತ್ತಿರವೇ, ಅಂಕೋಲೆಯ ಕೇಣಿಯಲ್ಲಿ, ಹೊಸ ಬಂದರಿನ ಯೋಜನೆ ಬಂದಿದೆ. 2023ರ ನವೆಂಬರ್‌ನಲ್ಲಿ ಕರ್ನಾಟಕ ಸಾಗರ ಮಂಡಳಿ ಅದನ್ನು ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್‌ಗೆ ವಹಿಸಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಕೇಣಿಯ ಮೀನುಗಾರರು ತಮ್ಮ ಕಡಲಿಗಾಗಿ ಹೋರಾಟಕ್ಕಿಳಿದಿದ್ದಾರೆ. ಅವರ ಪ್ರಶ್ನೆ ಸಮುದ್ರದ್ದು, ಅದಕ್ಕೆ ಉತ್ತರ ಸಿಗಲೇಬೇಕು. ಘಟ್ಟದ ಪ್ರಶ್ನೆಯೂ ಒಂದಿದೆ. 28.5 ಟನ್ನಿನ ಲಾರಿ ಕಾನೂನಿನಂತೆ 19 ಟನ್ ಸರಕು ಹೊತ್ತರೆ, 3 ಕೋಟಿ ಟನ್ನನ್ನು ಲಾರಿಯಲ್ಲೇ ಸಾಗಿಸಲು ವರ್ಷಕ್ಕೆ 15 ಲಕ್ಷ 80 ಸಾವಿರ ಸುತ್ತು ಬೇಕು. ದಿನಕ್ಕೆ 4,300. ಹಗಲೂ ರಾತ್ರಿಯೂ ನಿಮಿಷಕ್ಕೆ ಮೂರು ಲಾರಿ, ಖಾಲಿ ವಾಪಸು ಹೋಗುವವು ಬೇರೆ. ಎಷ್ಟು ಭಾಗ ರೈಲಿಗೆ, ಎಷ್ಟು ಭಾಗ ರಸ್ತೆಗೆ ಎಂಬುದನ್ನು ಬಂದರಿನ ಮೊದಲ ಕಲ್ಲು ಬೀಳುವ ಮುನ್ನ ಯಲ್ಲಾಪುರ, ಅಂಕೋಲಾ, ಕಾರವಾರದ ಜನರ ಮುಂದೆ ಟನ್ನಿನ ಲೆಕ್ಕದಲ್ಲಿ ಇಡಬೇಕು. ರಸ್ತೆಗೆ ಬರುವ ಭಾಗ ಎಷ್ಟೇ ಇರಲಿ, ಅದಕ್ಕೆ ಅರಬೈಲಿನ ಮೇಲ್ತುದಿಯಲ್ಲಿ ತೂಕದ ಸೇತುವೆ, ಹೆಚ್ಚುವರಿ ಮಾಲು ಇಳಿಸುವ ಅಂಗಳ, ಬಿಸಿಯಾದ ಬ್ರೇಕು ಆರಿಸಿಕೊಳ್ಳಲು ಲಾರಿ ನಿಲ್ಲುವ ಜಾಗ, ಬ್ರೇಕು ಕೈಕೊಟ್ಟ ಲಾರಿಯನ್ನು ಹತ್ತಿಸಿ ನಿಲ್ಲಿಸುವ ಮರಳಿನ ಏರುದಾರಿ ಇವಿಷ್ಟೂ ಬಂದರಿನ ಅಂದಾಜು ಪಟ್ಟಿಯಲ್ಲೇ ಸೇರಬೇಕು. 4,119 ಕೋಟಿಯ ಪಕ್ಕದಲ್ಲಿ ಅವುಗಳ ಖರ್ಚು ಸಣ್ಣದು.